ಮನೆಮನೆ ಬಲ್ಲ ಅಂಚೆಯವನು ಪೊಲೀಸ್ ಮುಖ್ಯಸ್ಥನಾದಾಗ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ಪಟ್ಟಣದಲ್ಲಿ 1904ರ ಒಂದು ದಿನ ಸರಕು ಬೋಗಿಯೊಂದು ಹಳಿಯ ಮೇಲೆ ಅಂಕೆತಪ್ಪಿ ಉರುಳುತ್ತಿತ್ತು. ಅಂಚೆ ಹಂಚುತ್ತಿದ್ದ ಯುವಕನೊಬ್ಬ ಅದರ ಮೇಲೆ ಜಿಗಿದು ಬ್ರೇಕ್ ಹಾಕಿ, ಪ್ರಯಾಣಿಕರ ರೈಲಿಗೆ ಬಡಿಯುವುದನ್ನು ತಪ್ಪಿಸಿದ. ಆತನೇ ಆಗಸ್ಟ್ ವೋಲ್ಮರ್. ಮರುವರ್ಷದ ಚುನಾವಣೆಯಲ್ಲಿ ಜನ ಅವರನ್ನು ಊರಿನ ಮಾರ್ಷಲ್ ಆಗಿ ಆರಿಸಿದರು. 1909ರಲ್ಲಿ ಬರ್ಕ್ಲಿಯ ಮೊದಲ ಪೊಲೀಸ್ ಮುಖ್ಯಸ್ಥರಾದರು.

1876ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜನಿಸಿದ ವೋಲ್ಮರ್‌ಗೆ ಉನ್ನತ ವ್ಯಾಸಂಗದ ಭಾಗ್ಯವಿರಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಸೈನಿಕರಾಗಿದ್ದು, ಬಳಿಕ ಬರ್ಕ್ಲಿಯ ಬೀದಿಬೀದಿ ಅಲೆದು ಕಾಗದ ಹಂಚಿದವರು. ಯಾವ ಓಣಿಯಲ್ಲಿ ಯಾರಿದ್ದಾರೆಂಬ ಆ ಅರಿವೇ ಮುಂದೆ ಅವರ ಬಂಡವಾಳವಾಯಿತು ಎನ್ನಬಹುದು.

ಪೊಲೀಸರನ್ನು ಅವರು ಸೈಕಲ್ ಏರಿಸಿದರು. ಠಾಣೆಯ ಗೋಡೆಗೆ ಊರಿನ ನಕ್ಷೆ ತೂಗಿಸಿ, ದೂರು ಬಂದ ತಾಣಗಳಲ್ಲಿ ಗುಂಡುಪಿನ್ನು ಚುಚ್ಚಿಸಿದರು. ಪಿನ್ನುಗಳು ಎಲ್ಲಿ ದಟ್ಟವೋ ಅಲ್ಲಿಗೆ ಗಸ್ತು ಹೆಚ್ಚು. ಬಂಧಿತರನ್ನು ಹೊಡೆದು ಬಾಯಿಬಿಡಿಸುವುದನ್ನು ನಿಷೇಧಿಸಿದರು. ಪ್ರತಿ ಶುಕ್ರವಾರ ಸಿಬ್ಬಂದಿಯ ಸಭೆ. ಅಲ್ಲಿ ಪೇದೆಯೂ ಮುಖ್ಯಸ್ಥರ ತಪ್ಪನ್ನು ಎತ್ತಿ ಆಡಬಹುದಿತ್ತು. ನಮ್ಮ ಠಾಣೆಗಳನ್ನು ಬಲ್ಲವರಿಗೆ ಇದು ಅಚ್ಚರಿಯೇ ಸರಿ.

ಕಳ್ಳನಾದ ಮೇಲೆ ಹಿಡಿಯುವುದಕ್ಕಿಂತ, ಬಾಲಕನೊಬ್ಬ ಏಕೆ ಹಾದಿ ತಪ್ಪುತ್ತಾನೆಂಬ ಪ್ರಶ್ನೆ ಅವರನ್ನು ಬಹುವಾಗಿ ಕಾಡಿತು. ಬರ್ಕ್ಲಿಯ ಶಾಲೆಯೊಂದರ ಮಕ್ಕಳ ದೇಹಸ್ಥಿತಿ, ಮನಸ್ಥಿತಿಗಳ ಸಮೀಕ್ಷೆಯನ್ನು ವೈದ್ಯರ ನೆರವಿನಿಂದ ಮಾಡಿಸಿದರು. 1920ರ ದಶಕದಲ್ಲಿ ಶಾಲೆ, ಆರೋಗ್ಯ, ಸಮಾಜಸೇವೆ ಮತ್ತು ಪೊಲೀಸ್ ಇಲಾಖೆಗಳ ಹಿರಿಯರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಇಂತಿಂಥ ಮಗುವಿಗೆ ಏನು ನೆರವು ಬೇಕೆಂದು ಚರ್ಚಿಸುವ ಸಮನ್ವಯ ಮಂಡಲಿಯನ್ನು ನಡೆಸಿದರು. ಈ ಮಾದರಿ ಕ್ಯಾಲಿಫೋರ್ನಿಯಾದ ಇತರ ಊರುಗಳಿಗೂ ಹಬ್ಬಿತು.

ಆದರೆ ಎಲ್ಲವೂ ಶ್ಲಾಘನೀಯವಲ್ಲ. ಅಪರಾಧ ಪ್ರವೃತ್ತಿ ವಂಶದಿಂದ ಬರುತ್ತದೆಂಬ ಅಂದಿನ ಹುಸಿ ವಿಜ್ಞಾನಕ್ಕೂ ಅವರ ಪೊಲೀಸ್ ಶಾಲೆಯ ಪಾಠಪಟ್ಟಿಯಲ್ಲಿ ಜಾಗವಿತ್ತು. ನೆರವಿಗೆಂದು ಬರೆದಿಟ್ಟ ಹೆಸರು ಮಗುವಿಗೆ ಕಳಂಕವಾಗಿಯೂ ಉಳಿಯಬಹುದೆಂಬ ಭಯ ಇಂದಿಗೂ ತೀರಿಲ್ಲ. ಗಸ್ತು ಹೆಚ್ಚಿದ ಕೇರಿಯಲ್ಲಿ ಪಿನ್ನೂ ಹೆಚ್ಚುತ್ತದೆ.

1923ರಲ್ಲಿ ಲಾಸ್ ಏಂಜಲೀಸ್ ಅವರನ್ನು ಕರೆಸಿಕೊಂಡಿತು. ಒಂದೇ ವರ್ಷಕ್ಕೆ ಮರಳಿದರು. 1932ರಲ್ಲಿ ನಿವೃತ್ತರಾಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ ಪಾಠ ಹೇಳಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿದ ವೋಲ್ಮರ್, 1955ರ ನವೆಂಬರ್‌ನಲ್ಲಿ ಬರ್ಕ್ಲಿಯ ತಮ್ಮ ಮನೆಯಲ್ಲಿಯೇ ಪ್ರಾಣ ಕಳೆದುಕೊಂಡರು. ಊರಿನ ಹಿಂದಿನ ಬೆಟ್ಟಸಾಲಿನ ಶಿಖರವೊಂದಕ್ಕೆ ಅವರ ಹೆಸರಿದೆ.