ಗಾಳಿ ಟೈರ್ ಕಂಡುಹಿಡಿದವರು ಡನ್‌ಲಪ್ ಎಂಬುದು ಎಷ್ಟು ನಿಜ? ಪಂಕ್ಚರ್ ಜೊತೆಗೆ ಬಂದ ಒಂದು ಜೀವನಕಥೆ

ಕಾರು ಓಡುತ್ತಿರುವಾಗ ಒಂದು ಕಡೆಗೆ ಎಳೆಯತೊಡಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಕೆಳಗಿನಿಂದ ಪಟಪಟ ಸದ್ದು ಬರುತ್ತದೆ. ಇಳಿದು ನೋಡಿದರೆ ಟೈರ್ ಪಂಕ್ಚರ್. ಜಾಕ್, ಸ್ಪ್ಯಾನರ್, ಸ್ಟೆಪ್ನಿ ಮೂರೂ ಸರಿಯಿದ್ದರೆ ಅರ್ಧ ಗಂಟೆಯಲ್ಲಿ ಮತ್ತೆ ಹೊರಡಬಹುದು. ಆದರೆ ಗಾಳಿ ತುಂಬಿದ ಟೈರ್ ಬಂದ ಹೊಸತರಲ್ಲಿ ಪಂಕ್ಚರ್ ಎಂದರೆ ಆ ದಿನದ ಪ್ರಯಾಣವೇ ಮುಗಿದಂತೆ.

ಗಾಳಿ ತುಂಬಿದ ಟೈರ್ ಕಂಡುಹಿಡಿದವರು ಯಾರು ಎಂಬ ಪ್ರಶ್ನೆ ರಸಪ್ರಶ್ನೆ ಪುಸ್ತಕಗಳಲ್ಲಿ ತಪ್ಪದೆ ಇರುತ್ತದೆ. ಉತ್ತರ: ಜಾನ್ ಬಾಯ್ಡ್ ಡನ್‌ಲಪ್. ಈ ಉತ್ತರ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಅವರ ಜೀವನವನ್ನು ನೋಡುತ್ತಾ ಇದು ಏಕೆ ಹೀಗೆ ಎಂದು ತಿಳಿಯೋಣ. ಜೊತೆಗೆ, ಇಂದು ರಸ್ತೆಬದಿಯಲ್ಲಿ ಪಂಕ್ಚರ್ ಆದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನೂ ನೋಡೋಣ.

ಟೈರ್ ಮಾಡಿದ್ದು ಒಬ್ಬ ಪಶುವೈದ್ಯರು

ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಊರಿನ ರೈತ ಕುಟುಂಬದಲ್ಲಿ. ಅವರು ಎಂಜಿನಿಯರ್ ಆಗಿರಲಿಲ್ಲ. ಎಡಿನ್‌ಬರೋದಲ್ಲಿ ಪಶುವೈದ್ಯಕೀಯ ಓದಿ, 19ನೇ ವಯಸ್ಸಿಗೇ ವೈದ್ಯರಾದರು. ಸುಮಾರು ಹತ್ತು ವರ್ಷ ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡಿ, 1867ರಲ್ಲಿ ಐರ್ಲೆಂಡಿಗೆ ಹೋದರು. ಬೆಲ್‌ಫಾಸ್ಟ್ ನಗರದಲ್ಲಿ ಅವರ ಚಿಕಿತ್ಸಾಲಯ ಚೆನ್ನಾಗಿ ನಡೆಯುತ್ತಿತ್ತು. ಆಗ ನಗರದ ಸಾರಿಗೆಯೆಲ್ಲ ಕುದುರೆಯ ಮೇಲೆಯೇ ನಿಂತಿದ್ದರಿಂದ ಪಶುವೈದ್ಯರಿಗೆ ಕೆಲಸಕ್ಕೆ ಕೊರತೆ ಇರಲಿಲ್ಲ.

ರಬ್ಬರ್‌ನಿಂದ ಸಣ್ಣಪುಟ್ಟ ಸಾಧನಗಳನ್ನು ಸ್ವತಃ ಮಾಡಿಕೊಳ್ಳುವ ಅಭ್ಯಾಸ ಅವರಿಗಿತ್ತು. ಈ ಕೈಚಳಕ 1887ರಲ್ಲಿ ಕೆಲಸಕ್ಕೆ ಬಂತು.

ಮಗನ ಸೈಕಲ್ ಮತ್ತು ಅಂಗಳದ ಪ್ರಯೋಗ

ಡನ್‌ಲಪ್ ಅವರ ಮಗ ಜಾನಿಗೆ ಆಗ ಹತ್ತರ ಆಸುಪಾಸಿನ ವಯಸ್ಸು. ಅವನ ಮೂರು ಚಕ್ರದ ಸೈಕಲ್‌ಗೆ ಗಟ್ಟಿ ರಬ್ಬರ್ ಪಟ್ಟಿಯ ಚಕ್ರಗಳಿದ್ದವು. ಬೆಲ್‌ಫಾಸ್ಟಿನ ಕಲ್ಲು ಹಾಸಿದ ಬೀದಿಗಳಲ್ಲಿ ಓಡಿಸಿದರೆ ಮೈಯೆಲ್ಲ ಕುಲುಕುತ್ತಿತ್ತು.

ಡನ್‌ಲಪ್ ಒಂದು ಮರದ ಬಿಲ್ಲೆ ತೆಗೆದುಕೊಂಡರು. ತೆಳು ರಬ್ಬರ್ ಹಾಳೆಯಿಂದ ಟ್ಯೂಬ್ ಮಾಡಿ ಅದರ ಅಂಚಿಗೆ ಸುತ್ತಿದರು. ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆದರು. ಫುಟ್‌ಬಾಲ್‌ಗೆ ಗಾಳಿ ಹೊಡೆಯುವ ಪಂಪ್‌ನಿಂದ ಗಾಳಿ ತುಂಬಿದರು. ನಂತರ ಅಂಗಳದಲ್ಲಿ ಒಂದು ಸರಳ ಹೋಲಿಕೆ: ಸೈಕಲ್‌ನ ಹಳೆಯ ಗಟ್ಟಿ ಚಕ್ರವನ್ನೂ ಗಾಳಿ ತುಂಬಿದ ಬಿಲ್ಲೆಯನ್ನೂ ಒಂದೊಂದಾಗಿ ಉರುಳಿಸಿದರು. ಗಟ್ಟಿ ಚಕ್ರ ಅಂಗಳದ ಕೊನೆ ಮುಟ್ಟುವ ಮೊದಲೇ ಮಲಗಿತು. ಗಾಳಿ ಬಿಲ್ಲೆ ಕೊನೆಯವರೆಗೂ ಉರುಳಿ, ಗೇಟಿಗೆ ಬಡಿದು ಹಿಂದಕ್ಕೆ ಪುಟಿಯಿತು.

1888ರ ಫೆಬ್ರವರಿ 28ರಂದು ಗಾಳಿ ಟೈರ್ ಕೂರಿಸಿದ ಸೈಕಲ್ ಮಗನ ಕೈಗೆ ಬಂತು. ಅದೇ ವರ್ಷ ಡಿಸೆಂಬರ್ 7ರಂದು ಡನ್‌ಲಪ್‌ಗೆ ಪೇಟೆಂಟ್ ಸಿಕ್ಕಿತು.

ಗಾಳಿ ಇದ್ದರೆ ಏಕೆ ಸಲೀಸು?

ಗಟ್ಟಿ ಚಕ್ರದ ಕೆಳಗೆ ಒಂದು ಸಣ್ಣ ಕಲ್ಲು ಬಂತು ಎಂದುಕೊಳ್ಳಿ. ಚಕ್ರ ಅದನ್ನು ಹತ್ತಲೇಬೇಕು. ಅಂದರೆ ಗಾಡಿಯ ಭಾರವನ್ನು ಅಷ್ಟು ಮೇಲಕ್ಕೆ ಎತ್ತಬೇಕು. ಮುಂದಕ್ಕೆ ಹೋಗಬೇಕಿದ್ದ ಶಕ್ತಿ ಕುಲುಕಾಟದಲ್ಲಿ ಪೋಲಾಗುತ್ತದೆ. ಗಾಳಿ ಟೈರ್ ಹಾಗಲ್ಲ. ಕಲ್ಲು ತಾಗಿದ ಜಾಗ ಮಾತ್ರ ಒಳಕ್ಕೆ ತಗ್ಗಿ, ಕಲ್ಲು ದಾಟಿದ ಮೇಲೆ ಮೊದಲಿನಂತಾಗುತ್ತದೆ. ಗಾಡಿ ಹೆಚ್ಚು ಏಳುವುದಿಲ್ಲ, ಶಕ್ತಿಯೂ ಹೆಚ್ಚು ಪೋಲಾಗುವುದಿಲ್ಲ.

ಭಾರ ಹೊರುವುದೂ ಹೆಚ್ಚುಕಡಿಮೆ ಗಾಳಿಯೇ. ಒಂದು ಸಣ್ಣ ಲೆಕ್ಕ ಮಾಡೋಣ. 1,200 ಕಿಲೋ ತೂಕದ ಕಾರಿನಲ್ಲಿ ಪ್ರತಿ ಚಕ್ರಕ್ಕೆ ಸುಮಾರು 300 ಕಿಲೋ ಭಾರ. ಟೈರ್‌ನಲ್ಲಿ 33 ಪಿಎಸ್ಐ ಒತ್ತಡವಿದ್ದರೆ, ಪ್ರತಿ ಚದರ ಸೆಂಟಿಮೀಟರ್ ಜಾಗ ಸುಮಾರು 2.3 ಕಿಲೋ ಹೊರುತ್ತದೆ. ಹಾಗಾದರೆ ನೆಲಕ್ಕೆ ತಾಗುವ ಜಾಗ ಸುಮಾರು 130 ಚದರ ಸೆಂಟಿಮೀಟರ್, ಅಂದರೆ ಒಂದು ಅಂಚೆ ಕಾರ್ಡ್‌ನಷ್ಟು. ಇಡೀ ಕಾರು ನಾಲ್ಕು ಅಂಚೆ ಕಾರ್ಡ್‌ಗಳಷ್ಟು ಜಾಗದ ಮೇಲೆ ನಿಂತಿರುತ್ತದೆ. ಗಾಳಿ ಕಡಿಮೆಯಾದರೆ ಭಾರ ಹೊರಲು ಹೆಚ್ಚು ಜಾಗ ಬೇಕು, ಹಾಗಾಗಿ ಟೈರ್ ಅಗಲಕ್ಕೆ ಕುಸಿಯುತ್ತದೆ.

ನಗುತ್ತಿದ್ದವರು ಸೋತರು

ಹೊಸ ಟೈರ್ ದಪ್ಪಗೆ, ವಿಚಿತ್ರವಾಗಿ ಕಾಣುತ್ತಿತ್ತು. ಸಣಕಲು ಟೈರ್‌ಗಳನ್ನೇ ಕಂಡಿದ್ದ ಜನರಿಗೆ ಅದು ನಗೆಪಾಟಲಿನ ವಸ್ತು. ಆದರೆ 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲಿಯಂ ಹ್ಯೂಮ್ ಎಂಬ ಸವಾರ ಡನ್‌ಲಪ್ ಟೈರ್ ಹಾಕಿದ ಸೈಕಲ್ ಏರಿ ಬಂದರು. ಅಂದಿನ ನಾಲ್ಕೂ ಸೈಕಲ್ ಓಟಗಳನ್ನು ಗೆದ್ದರು.

ಅವರಿಗೆ ಸೋತವರಲ್ಲಿ ಡಬ್ಲಿನ್ನಿನ ಹಾರ್ವೆ ಡು ಕ್ರೋ ಎಂಬ ಉದ್ಯಮಿಯ ಮಕ್ಕಳಿದ್ದರು. ಡು ಕ್ರೋ ಸುಮ್ಮನೆ ಬೇಸರಪಟ್ಟುಕೊಂಡು ಕೂರಲಿಲ್ಲ. ಆ ಟೈರ್‌ನ ಹಿಂದೆ ಬಿದ್ದರು. ಅದೇ ವರ್ಷ ಡಬ್ಲಿನ್ನಿನಲ್ಲಿ ಕಂಪನಿ ಶುರುವಾಯಿತು. ಡನ್‌ಲಪ್ ತಮ್ಮ ಪೇಟೆಂಟನ್ನು ಡು ಕ್ರೋಗೆ ವಹಿಸಿ, ಪ್ರತಿಯಾಗಿ ಕಂಪನಿಯ ಷೇರುಗಳನ್ನು ಪಡೆದರು.

ಹಾಗಾದರೆ ಮೊದಲಿಗರು ಯಾರು?

ಪೇಟೆಂಟ್ ಸಿಕ್ಕಿ ಎರಡು ವರ್ಷ ಕಳೆಯುವಷ್ಟರಲ್ಲಿ ಡನ್‌ಲಪ್‌ಗೆ ಆಘಾತಕಾರಿ ಸುದ್ದಿ ಬಂತು. ಪೇಟೆಂಟ್ ಊರ್ಜಿತವಲ್ಲ. ಇದೇ ಯೋಚನೆಗೆ 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟಿಷ್ ವ್ಯಕ್ತಿ ಪೇಟೆಂಟ್ ಪಡೆದಿದ್ದರು.

ಥಾಮ್ಸನ್ ರಬ್ಬರ್ ಲೇಪಿಸಿದ ಬಟ್ಟೆಯ ಟ್ಯೂಬ್‌ಗೆ ಚರ್ಮ ಹೊದಿಸಿ, ಕುದುರೆ ಗಾಡಿಯ ಚಕ್ರಕ್ಕೆ ಕೂರಿಸಿದ್ದರು. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನಲ್ಲಿ ಅದನ್ನು ಓಡಿಸಿಯೂ ತೋರಿಸಿದ್ದರು. ಸದ್ದು ಕಡಿಮೆ, ಎಳೆಯುವುದೂ ಹಗುರ. ಆದರೂ ಅದು ಬಳಕೆಗೆ ಬರಲಿಲ್ಲ. ತೆಳು ರಬ್ಬರ್ ಆಗ ತುಂಬ ದುಬಾರಿ, ಟೈರ್ ಬೇಕು ಎನ್ನುವ ಸೈಕಲ್‌ಗಳು, ಕಾರುಗಳು ಇನ್ನೂ ರಸ್ತೆಗೆ ಬಂದಿರಲಿಲ್ಲ. ಥಾಮ್ಸನ್ 1873ರಲ್ಲಿ ತೀರಿಕೊಂಡರು. ಡನ್‌ಲಪ್‌ಗೆ ಇವರ ಕೆಲಸ ಗೊತ್ತಿರಲಿಲ್ಲ. ಅವರು ತಮ್ಮಷ್ಟಕ್ಕೆ ತಾವೇ ಮತ್ತೊಮ್ಮೆ ಕಂಡುಹಿಡಿದಿದ್ದರು.

ಆದ್ದರಿಂದ ಮೊದಲು ಯೋಚಿಸಿ ಮಾಡಿದವರು ಥಾಮ್ಸನ್. ಜನರ ಬಳಕೆಗೆ ಬರುವಂತೆ ಮಾಡಿದವರು ಡನ್‌ಲಪ್. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ, ಏಕೆಂದರೆ ಡನ್‌ಲಪ್ ಟೈರ್‌ಗೆ ಒಂದು ದೊಡ್ಡ ದೋಷವಿತ್ತು.

ಅಂಟಿಸಿದ ಟೈರ್, ರಾತ್ರಿಯಿಡೀ ಕಾಯುವ ಪಂಕ್ಚರ್

ಗಾಳಿ ಇದ್ದಲ್ಲಿ ಪಂಕ್ಚರ್ ಇದ್ದೇ ಇರುತ್ತದೆ. ಆದರೆ ಡನ್‌ಲಪ್ ಟೈರ್ ಚಕ್ರಕ್ಕೆ ಅಂಟಿಕೊಂಡಿರುತ್ತಿತ್ತು. ತೂತು ಹುಡುಕಬೇಕಾದರೆ ಮೊದಲು ಅಂಟಿದ ಬಟ್ಟೆ ಬಿಡಿಸಬೇಕು, ಮುಚ್ಚಿದ ಮೇಲೆ ಮತ್ತೆ ಅಂಟಿಸಿ ಒಣಗಲು ಬಿಡಬೇಕು.

1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್ ಫೆರಾಂಡ್ ಎಂಬ ಊರಿನ ರಬ್ಬರ್ ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಇಂಥದೇ ಪಂಕ್ಚರ್ ಟೈರ್ ಹೊತ್ತು ಬಂದ. ಕಾರ್ಖಾನೆ ನಡೆಸುತ್ತಿದ್ದವರು ಎಡ್ವರ್ಡ್ ಮಿಷೆಲಿನ್. ಬಿಚ್ಚಿ ದುರಸ್ತಿ ಮಾಡಲು ಮೂರು ಗಂಟೆ ಹಿಡಿಯಿತು. ಅಂಟು ಒಣಗಲು ಒಂದು ರಾತ್ರಿ ಬೇಕಾಯಿತು. ಮರುದಿನ ಎಡ್ವರ್ಡ್ ಅದನ್ನು ಓಡಿಸಿ ನೋಡಿದರೆ ಸ್ವಲ್ಪ ದೂರಕ್ಕೇ ಮತ್ತೆ ಗಾಳಿ ಹೋಯಿತು. ಆದರೆ ಆ ಸ್ವಲ್ಪ ದೂರದ ಸವಾರಿಯ ಸುಖ ಅವರಿಗೆ ಮರೆಯಲಾಗಲಿಲ್ಲ. ಟೈರ್ ಒಳ್ಳೆಯದೇ, ಅದನ್ನು ಸುಲಭವಾಗಿ ಬಿಚ್ಚುವಂತಿರಬೇಕು ಎಂಬುದು ಅವರಿಗೆ ಹೊಳೆಯಿತು.

1891ರಲ್ಲಿ ಎಡ್ವರ್ಡ್ ಮತ್ತು ಅವರ ಅಣ್ಣ ಆಂಡ್ರೆ ಬಿಚ್ಚಿ ಹಾಕಬಹುದಾದ ಟೈರ್ ತಂದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರುವ ಸುಮಾರು 1,200 ಕಿ.ಮೀ. ಸೈಕಲ್ ಓಟವನ್ನು ಷಾರ್ಲ್ ತೆರೋಂ ಈ ಟೈರ್‌ನಲ್ಲೇ, ಸುಮಾರು 72 ಗಂಟೆಗಳಲ್ಲಿ ಗೆದ್ದರು. 1895ರಲ್ಲಿ ಈ ಸಹೋದರರು ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಕಾರು ಓಟಕ್ಕೂ ಗಾಳಿ ಟೈರ್ ಹಾಕಿಕೊಂಡು ಇಳಿದರು. ಮೇಲಿಂದ ಮೇಲೆ ಪಂಕ್ಚರ್ ಆಗಿ ಗೆಲುವು ಸಿಗಲಿಲ್ಲ. ಆದರೆ ಗಾಳಿ ಟೈರ್ ಕಾರಿನ ಭಾರವನ್ನೂ ಹೊರಬಲ್ಲದು ಎಂಬುದು ಸಾಬೀತಾಯಿತು.

ಡನ್‌ಲಪ್ ಕಂಪನಿಯ ಕಡೆಯೂ ಇದೇ ಹುಡುಕಾಟ ನಡೆದಿತ್ತು. ಮೂಲ ಪೇಟೆಂಟ್ ಕೈಬಿಟ್ಟಿದ್ದರಿಂದ ಅದನ್ನು ಉಳಿಸಿದ್ದು ಬೇರೆಯವರ ಪೇಟೆಂಟ್‌ಗಳು. ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ 1890ರಲ್ಲಿ ಅಂಚಿಗೆ ತಂತಿ ಕೂರಿಸಿದ ಟೈರ್ ರೂಪಿಸಿದ್ದರು. ಅದರ ಹಕ್ಕನ್ನು ಕಂಪನಿ ಕೊಂಡುಕೊಂಡಿತು. ಇಂದಿನ ನಮ್ಮ ಕಾರಿನ ಟೈರ್ ರಿಮ್‌ನಲ್ಲಿ ಹಿಡಿದು ಕೂರುವುದೂ ಅಂಚಿನೊಳಗಿನ ತಂತಿಯ ಬಲದಿಂದಲೇ.

ಸ್ಟೆಪ್ನಿ ಎಂಬ ಹೆಸರು ಎಲ್ಲಿಂದ ಬಂತು?

ಬಿಚ್ಚುವ ಟೈರ್ ಬಂದರೂ ಕಾರಿನ ಚಕ್ರವನ್ನು ಬೇಗನೆ ಬದಲಿಸುವ ವ್ಯವಸ್ಥೆ ಇನ್ನೂ ಇರಲಿಲ್ಲ. 1904ರಲ್ಲಿ ವೇಲ್ಸ್‌ನ ಲನೆಥ್ಲಿ ಎಂಬ ಊರಿನಲ್ಲಿ ವಾಲ್ಟರ್ ಮತ್ತು ಟಾಮ್ ಡೇವಿಸ್ ಎಂಬ ಸಹೋದರರು ಇದಕ್ಕೊಂದು ಉಪಾಯ ಮಾಡಿದರು. ಕಡ್ಡಿಗಳಿಲ್ಲದ ರಿಮ್‌ಗೆ ಗಾಳಿ ತುಂಬಿದ ಟೈರ್ ಹಾಕಿ, ಪಂಕ್ಚರ್ ಆದ ಚಕ್ರದ ಪಕ್ಕಕ್ಕೇ ಬಿಗಿದು ಓಡಿಸುವುದು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ, ಹಾಗಾಗಿ ಅದು ಸ್ಟೆಪ್ನಿ ಚಕ್ರವಾಯಿತು. ಆ ಸಾಧನ ಎಂದೋ ಮರೆಯಾಯಿತು. ಹೆಸರು ಮಾತ್ರ ನಮ್ಮ ಡ್ರೈವರ್‌ಗಳ, ಪಂಕ್ಚರ್ ಅಂಗಡಿಗಳವರ ಬಾಯಲ್ಲಿ ಇಂದಿಗೂ ಉಳಿದಿದೆ.

ಹೆಸರು ಬೆಳೆಯಿತು, ಹಣ ಬೇರೆಯವರಿಗೆ ಹೋಯಿತು

1896ರಲ್ಲಿ ಕಂಪನಿ 30 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಕೊಂಡವರು ಅದನ್ನು ಡನ್‌ಲಪ್ ಹೆಸರಿನಲ್ಲೇ 50 ಲಕ್ಷ ಪೌಂಡ್ ಬೆಲೆಗೆ ಷೇರುಪೇಟೆಗೆ ತಂದರು. ಡನ್‌ಲಪ್ ಅಷ್ಟರಲ್ಲಿ ಕಂಪನಿಯಿಂದ ಹೊರಬಂದಿದ್ದರು. ತಮ್ಮ ಹೆಸರು ಲೋಕವಿಡೀ ಹರಡಿದರೂ ಆ ದೊಡ್ಡ ಹಣದಲ್ಲಿ ಅವರ ಪಾಲು ಅಷ್ಟಕ್ಕಷ್ಟೆ. ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರದಲ್ಲಿ ತೊಡಗಿಕೊಂಡು, 1921ರ ಅಕ್ಟೋಬರ್ 23ರಂದು ಅಲ್ಲೇ ತೀರಿಕೊಂಡರು. ಡೀನ್ಸ್ ಗ್ರೇಂಜ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಅವರು ತೀರಿಹೋದ ಮೇಲೂ ಹೆಸರು ಬೆಳೆಯುತ್ತಲೇ ಹೋಯಿತು. 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಡನ್‌ಲಪ್ ಕಾರ್ಖಾನೆ ಶುರುವಾಗಿ, ಭಾರತದಲ್ಲೂ ಅದು ಮನೆಮಾತಾಯಿತು.

ಇಂದು ರಸ್ತೆಬದಿಯಲ್ಲಿ ಪಂಕ್ಚರ್ ಆದರೆ

• ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ನಿಧಾನವಾಗಿ ಎಡಕ್ಕೆ ಸಮತಟ್ಟಾದ ಜಾಗಕ್ಕೆ ತನ್ನಿ.
• ನಾಲ್ಕೂ ಇಂಡಿಕೇಟರ್ ಮಿನುಗುವ ಹಜಾರ್ಡ್ ಲೈಟ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಹಿಂದೆ ಸಾಕಷ್ಟು ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಡಿ.
• ಇನ್ನೊಂದು ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸುವ ಮೊದಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಬಲ ಹಾಕಿದರೆ ಚಕ್ರ ತಿರುಗುತ್ತದೆ, ಕಾರು ಜಾಕ್‌ನಿಂದ ಜಾರಲೂಬಹುದು.
• ಕಾರಿನ ಕೆಳಗೆ ಕೈಕಾಲು ಹಾಕಬೇಡಿ. ಸ್ಟೆಪ್ನಿ ಹಾಕಿ, ನಟ್‌ಗಳನ್ನು ಒಂದರ ನಂತರ ಎದುರಿನದು ಎಂಬಂತೆ ಬಿಗಿಯಿರಿ. ಕೊನೆಯ ಬಿಗಿತ ಚಕ್ರ ನೆಲಕ್ಕೆ ತಾಗಿದ ಮೇಲೆ.
• ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಸಣಕಲಾಗಿದ್ದರೆ ಅದು ತಾತ್ಕಾಲಿಕ ಚಕ್ರ. ಅದರ ಮೇಲೆ ಬರೆದಿರುವ ವೇಗದ ಮಿತಿಯನ್ನು, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ., ಮೀರಬೇಡಿ.

ನಿಜವೇ, ಸುಳ್ಳೇ?

ಮೊಳೆ ಕಂಡ ಕೂಡಲೇ ಕೀಳಬೇಕೇ? ಬೇಡ. ಟ್ಯೂಬ್‌ಲೆಸ್ ಟೈರ್‌ನಲ್ಲಿ ಮೊಳೆಯೇ ತೂತನ್ನು ಒಂದಷ್ಟು ಮುಚ್ಚಿರುತ್ತದೆ. ಕಿತ್ತರೆ ಗಾಳಿ ಬೇಗ ಹೋಗುತ್ತದೆ.

ಗಾಳಿ ಪೂರ್ತಿ ಇಳಿದರೂ ಅಂಗಡಿಯವರೆಗೆ ನಿಧಾನವಾಗಿ ಹೋಗಬಹುದೇ? ಹೋಗಬಾರದು. ಭಾರ ಹೊರುವ ಗಾಳಿ ಇಲ್ಲದಾಗ ಟೈರ್‌ನ ಪಕ್ಕದ ಗೋಡೆ ಮಡಚಿ ಬಿಸಿಯಾಗಿ ಹರಿಯುತ್ತದೆ. ಒಂದು ಪಂಕ್ಚರ್‌ನಲ್ಲಿ ಮುಗಿಯಬೇಕಿದ್ದದ್ದು ಹೊಸ ಟೈರ್‌ನ ಖರ್ಚಾಗುತ್ತದೆ.

ನೈಟ್ರೋಜನ್ ತುಂಬಿಸಿದರೆ ಪಂಕ್ಚರ್ ಆಗುವುದಿಲ್ಲವೇ? ಆಗುತ್ತದೆ. ಮಾಮೂಲಿ ಗಾಳಿಯಲ್ಲೂ ಸುಮಾರು 78% ನೈಟ್ರೋಜನ್ನೇ ಇದೆ. ಮೊಳೆಗೆ ಒಳಗಿರುವ ಅನಿಲ ಯಾವುದಾದರೂ ಒಂದೇ.

ಸಲ್ಯೂಷನ್ ಹಚ್ಚಿದ ತಕ್ಷಣ ಟ್ಯೂಬ್‌ಗೆ ಪ್ಯಾಚ್ ಅಂಟಿಸಬೇಕೇ? ಇಲ್ಲ. ಒಂದೆರಡು ನಿಮಿಷ ಬಿಟ್ಟು, ಹಸಿ ಆರಿ ಬೆರಳಿಗೆ ಅಂಟುವ ಹದಕ್ಕೆ ಬಂದ ಮೇಲೆ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ.

ಬಳಸದ ಸ್ಟೆಪ್ನಿಗೆ ಗಾಳಿ ನೋಡುವ ಅಗತ್ಯ ಇಲ್ಲವೇ? ಖಂಡಿತ ಇದೆ. ರಬ್ಬರ್ ಮೂಲಕ ಗಾಳಿ ಸ್ವಲ್ಪಸ್ವಲ್ಪವೇ ಸೋರುತ್ತದೆ, ವಯಸ್ಸಾದ ಹಾಗೆ ರಬ್ಬರ್ ಕೂಡ ಬಿರುಕು ಬಿಡುತ್ತದೆ.

ಕೊನೆಗೆ, ರಸಪ್ರಶ್ನೆಯ ಉತ್ತರಕ್ಕೆ ಮರಳಿದರೆ, ಡನ್‌ಲಪ್ ಹೆಸರು ತೆಗೆಯುವ ಅಗತ್ಯವಿಲ್ಲ. ಅದರ ಪಕ್ಕದಲ್ಲಿ ಥಾಮ್ಸನ್, ವೆಲ್ಚ್, ಮಿಷೆಲಿನ್ ಮತ್ತು ಡೇವಿಸ್ ಸಹೋದರರ ಹೆಸರನ್ನೂ ಬರೆದುಕೊಳ್ಳಬೇಕು. ಗಾಳಿ ಟೈರ್ ಎಲ್ಲರದ್ದಾದದ್ದು ಅದನ್ನು ಕಂಡುಹಿಡಿದಾಗ ಅಲ್ಲ, ರಸ್ತೆಬದಿಯಲ್ಲಿ ನಿಂತ ಸಾಮಾನ್ಯರೂ ಅದನ್ನು ಬಿಚ್ಚಿ ಹಾಕಲು ಸಾಧ್ಯವಾದಾಗ. ಮುಂದಿನ ಬಾರಿ ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹಾಕಿಸುವಾಗ ನಾಲ್ಕು ಚಕ್ರಗಳ ಜೊತೆಗೆ ಡಿಕ್ಕಿಯಲ್ಲಿರುವ ಐದನೆಯದನ್ನೂ ತೋರಿಸಿ.