ರೆಡ್‌ಕ್ರಾಸಿನ ಸಾರಥಿ

1859ರಲ್ಲಿ ಇಟಲಿಯ ಸಾಲ್ಫೆರಿನೋ ರಣರಂಗದಲ್ಲಿ ಆರೈಕೆಯಿಲ್ಲದೆ ನರಳುತ್ತಿದ್ದ ಗಾಯಾಳುಗಳನ್ನು ಕಂಡು ಮರುಗಿದ ಹೆನ್ರಿ ಡ್ಯುನಾಂಟ್, ಆ ದಾರುಣ ದೃಶ್ಯವನ್ನು ಗ್ರಂಥರೂಪಕ್ಕೆ ತಂದನು. 1862ರಲ್ಲಿ ಪ್ರಕಟವಾದ ಆ ಗ್ರಂಥವು ಜಿನೀವ ನಗರದ ನ್ಯಾಯವಾದಿ ಗುಸ್ಟಾವ್ ಮೊಯ್ನಿಯರನ ಮನಸ್ಸನ್ನು ಕಲಕಿತು. ಅವನು ಅಲ್ಲಿನ ಲೋಕಹಿತ ಸಂಘವೊಂದರ ಅಧ್ಯಕ್ಷ. ಮರುಕವೊಂದರಿಂದಲೇ ಗಾಯ ಮಾಯದು, ಅದಕ್ಕೆ ವ್ಯವಸ್ಥೆ ಬೇಕೆಂಬುದನ್ನು ಅವನು ಅರಿತನು. 1863ರ ಫೆಬ್ರವರಿಯಲ್ಲಿ ಅವರಿಬ್ಬರನ್ನೂ ಒಳಗೊಂಡ ಐವರ ಸಮಿತಿಯು ಜನ್ಮ ತಾಳಿತು. ಅದೇ ಮುಂದೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯೆನಿಸಿತು.

1864ರಲ್ಲಿ ಸಮಿತಿಯ ಅಧ್ಯಕ್ಷನಾದ ಮೊಯ್ನಿಯರ್, ಕೊನೆಯುಸಿರಿನವರೆಗೆ 46 ವರ್ಷ ಆ ಹೊಣೆಯನ್ನು ಹೊತ್ತನು. ಅಧಿಕಾರವೆಲ್ಲ ಜಿನೀವದಲ್ಲೇ ಇರಬೇಕೆಂದು ಅವನು ಹಟ ಹಿಡಿಯಲಿಲ್ಲ. ದೇಶದೇಶಗಳಲ್ಲಿ ಸ್ವತಂತ್ರ ಸಂಘಗಳು ಬೆಳೆದವು. ಸಮಿತಿಯು ಅವುಗಳನ್ನು ಬೆಸೆಯುವ ಕೊಂಡಿಯಾಯಿತು. 1864ರ ಆಗಸ್ಟಿನಲ್ಲಿ 12 ರಾಷ್ಟ್ರಗಳು ಜಿನೀವ ಒಪ್ಪಂದಕ್ಕೆ ಸಹಿ ಹಾಕಿದವು. ಗಾಯಗೊಂಡ ಯೋಧನಿಗೆ, ಅವನು ಶತ್ರುವಾದರೂ, ಶುಶ್ರೂಷೆ ದೊರೆಯಬೇಕೆಂಬುದು ಅಂದಿನಿಂದ ಕಾನೂನಾಯಿತು.

ಆದರೆ ಈ ದಕ್ಷನಲ್ಲೂ ಒಂದು ಕೊರತೆಯಿತ್ತು. 1867ರಲ್ಲಿ ದಿವಾಳಿಯಾದ ಡ್ಯುನಾಂಟ್ ಸಮಿತಿಯನ್ನು ತೊರೆಯಬೇಕಾಯಿತು. ಬಡತನದಲ್ಲಿ ಬೆಂದ ಆ ಸಂಗಡಿಗನನ್ನು ಮೊಯ್ನಿಯರ್ ಮತ್ತೆ ಹತ್ತಿರಕ್ಕೆ ಕರೆಯಲಿಲ್ಲ. 1901ರಲ್ಲಿ ಮೊದಲ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಡ್ಯುನಾಂಟನಿಗೆ ಪಾಲು ದೊರೆತಾಗ ಲೋಕವು ಅವನನ್ನು ಗೌರವಿಸಿತು. 1910ರಲ್ಲಿ ಇಬ್ಬರೂ ಕಾಲವಶರಾದರು. ಮುನಿಸು ಮಾತ್ರ ಮುಗಿದಿರಲಿಲ್ಲ. ಒಬ್ಬನ ಕನಸು, ಇನ್ನೊಬ್ಬನ ಶಿಸ್ತು ಕೂಡಿ ಕಟ್ಟಿದ ಸಂಸ್ಥೆ ಉಳಿಯಿತು. ಸಂಸ್ಥೆಯನ್ನು ಕಾಯುವ ಅಧ್ಯಕ್ಷನು ಸಂಗಡಿಗರ ಮನಸ್ಸನ್ನೂ ಕಾಯಬೇಕೆಂಬ ಪಾಠವೂ ಅದರೊಡನೆ ಉಳಿಯಿತು.