ಹೆಲಿಕಾಪ್ಟರಿನ ಶಿಲ್ಪಿ ಸಿಕೋರ್ಸ್ಕಿ

2019ರ ಆಗಸ್ಟ್ ತಿಂಗಳಿನಲ್ಲಿ ತುಂಗಭದ್ರೆಯು ಉಕ್ಕಿ ಹರಿಯಿತು. ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಸಾಗಿ ಹಂಪೆಯನ್ನು ಮುಟ್ಟುವ ಈ ನದಿಯು ಅಲ್ಲಿನ ವಿರೂಪಾಪುರ ಗಡ್ಡೆಯನ್ನು ಸುತ್ತುಗಟ್ಟಿದಾಗ, ನೆರೆಯಲ್ಲಿ ಸಿಲುಕಿದ್ದ ಪ್ರವಾಸಿಗಳನ್ನು ಹೆಲಿಕಾಪ್ಟರುಗಳು ಎತ್ತಿ ತಂದುವು. ವಿಮಾನವು ಇಳಿಯಲಾರದ ಎಡೆಯಲ್ಲಿಯೂ ಇಳಿಯಬಲ್ಲ ಈ ಯಂತ್ರವನ್ನು ಬಳಕೆಗೆ ತಂದವರಲ್ಲಿ ಇಗೊರ್ ಸಿಕೋರ್ಸ್ಕಿಯು ಅಗ್ರಗಣ್ಯನು.

ಸಿಕೋರ್ಸ್ಕಿಯು 1889ರ ಮೇ 25ರಂದು ಕೀವ್ ನಗರದಲ್ಲಿ ಜನಿಸಿದನು. ಇಂದು ಉಕ್ರೇನಿನ ರಾಜಧಾನಿಯಾಗಿರುವ ಆ ನಗರವು ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಲಿಯೊನಾರ್ಡೊ ಡ ವಿಂಚಿಯು ಹಾರುವ ಯಂತ್ರಗಳ ಚಿತ್ರಗಳನ್ನು ಬರೆದಿಟ್ಟ ಸಂಗತಿಯನ್ನು ತಾಯಿಯು ಅವನಿಗೆ ಹೇಳುತ್ತಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿ ಬಾಲಕನು ರಬ್ಬರ್ ಪಟ್ಟಿಯ ಬಲದಿಂದ ಮೇಲೇರುವ ಪುಟ್ಟ ಹೆಲಿಕಾಪ್ಟರ್ ಮಾದರಿಯೊಂದನ್ನು ತಾನೇ ಮಾಡಿದನು.

ಮಾದರಿಯು ಹಾರಿತು. ಮನುಷ್ಯನನ್ನು ಹೊರುವ ಯಂತ್ರವು ಅಷ್ಟು ಸುಲಭವಾಗಿ ಹಾರಲಿಲ್ಲ. 1909ರಲ್ಲಿ ಅವನು ಕಟ್ಟಿದ ಯಂತ್ರವು ನೆಲವನ್ನೇ ಬಿಡಲಿಲ್ಲ. 1910ರ ಯಂತ್ರವು ತನ್ನ ಭಾರವನ್ನು ಎತ್ತಿತೇ ಹೊರತು ಚಾಲಕನ ಭಾರವನ್ನು ಎತ್ತಲಾರದೆ ಹೋಯಿತು. ಕಾಲವು ಇನ್ನೂ ಪಕ್ವವಾಗಿಲ್ಲವೆಂದು ಅರಿತು ಅವನು ವಿಮಾನಗಳತ್ತ ತಿರುಗಿದನು. 1913ರಲ್ಲಿ ನಾಲ್ಕು ಎಂಜಿನುಗಳ ವಿಮಾನವನ್ನು ಹಾರಿಸಿ ಕೀರ್ತಿ ಪಡೆದನು. ರಷ್ಯಾದ ಕ್ರಾಂತಿಯ ತರುವಾಯ ದೇಶವನ್ನು ತೊರೆದು 1919ರಲ್ಲಿ ಅಮೆರಿಕವನ್ನು ಸೇರಿದಾಗ ಅವನ ಕೈ ಬರಿದಾಗಿತ್ತು. ತನ್ನಂತೆಯೇ ವಲಸೆ ಬಂದವರಿಗೆ ಗಣಿತವನ್ನು ಕಲಿಸಿ ಜೀವನ ಸಾಗಿಸಿದನು. 1923ರಲ್ಲಿ ಗೆಳೆಯರ ನೆರವಿನಿಂದ, ಕೋಳಿ ಸಾಕುವ ಜಮೀನೊಂದರಲ್ಲಿ ವಿಮಾನ ಕಟ್ಟತೊಡಗಿದನು. ಹೆಲಿಕಾಪ್ಟರಿನ ಕನಸು ಮಾತ್ರ ಅಳಿಯಲಿಲ್ಲ.

1939ರ ಸೆಪ್ಟೆಂಬರ್ 14ರಂದು ಅವನ ವಿಎಸ್-300 ಯಂತ್ರವು ಹಗ್ಗದ ಕಟ್ಟಿನೊಡನೆ ನೆಲದಿಂದ ಕೊಂಚ ಮೇಲೆದ್ದಿತು. ಅದನ್ನು ನಡೆಸಿದವನು ಐವತ್ತು ವರ್ಷದ ಸಿಕೋರ್ಸ್ಕಿಯೇ. ಆದರೆ ಮೇಲೆದ್ದ ಯಂತ್ರವನ್ನು ಬೇಕಾದತ್ತ ನಡೆಸುವ ಬಗೆ ಹೇಗೆ?

ಬ್ಯಾಡಗಿಯ ಕಣವೊಂದರಲ್ಲಿ ಬೀಸುವ ಗಾಳಿಗೆ ಮೊರವನ್ನು ತುಸು ಓರೆಯಾಗಿ ಒಡ್ಡಿದರೆ ಗಾಳಿಯು ಅದನ್ನು ಎತ್ತುತ್ತದೆ. ಓರೆಯನ್ನು ಕೊಂಚ ಹೆಚ್ಚಿಸಿದರೆ ಎತ್ತುವ ಬಲವೂ ಹೆಚ್ಚುತ್ತದೆ. ಹೆಲಿಕಾಪ್ಟರಿನ ಮೇಲೆ ತಿರುಗುವ ಅಲಗುಗಳೂ ಹೀಗೆಯೇ. ಪ್ರತಿ ಸುತ್ತಿನಲ್ಲಿಯೂ ಅಲಗಿನ ಓರೆಯು ಒಂದೆಡೆ ಹೆಚ್ಚಿ, ಅದರ ಎದುರು ಬದಿಯಲ್ಲಿ ತಗ್ಗಿದರೆ ಅಲಗುಗಳ ಚಕ್ರವು ವಾಲುತ್ತದೆ. ಯಂತ್ರವು ವಾಲಿದತ್ತ ಸಾಗುತ್ತದೆ. ಇದಕ್ಕೆ ಸೈಕ್ಲಿಕ್ ಪಿಚ್ ಎಂದು ಹೆಸರು. ಇದರಲ್ಲಿ ಒಂದು ಸೂಕ್ಷ್ಮವಿದೆ. ಓರೆಯನ್ನು ಬದಲಿಸಿದ ಫಲವು ಸುಮಾರು ಕಾಲು ಸುತ್ತು ತಡವಾಗಿ ತೋರುತ್ತದೆ. ಆದ್ದರಿಂದ ಅಲಗು ಎಲ್ಲಿ ಮೇಲೇರಬೇಕೋ, ಅಲ್ಲಿಗೆ ಬರುವ ಕಾಲು ಸುತ್ತು ಮೊದಲೇ ಅದರ ಓರೆಯನ್ನು ಹೆಚ್ಚಿಸಬೇಕು.

ಸಿಕೋರ್ಸ್ಕಿಯ ಮೊದಲ ಏರ್ಪಾಡು ತೃಪ್ತಿಕರವಾಗಿರಲಿಲ್ಲ. ಅವನು ಅದನ್ನು ಕಳಚಿ, ಬಾಲದಲ್ಲಿ ಹೆಚ್ಚಿನ ಚಿಕ್ಕ ಚಕ್ರಗಳನ್ನಿಟ್ಟು ಹಾರಿದನು. 1941ರ ಮೇ 6ರಂದು ಒಂದೂವರೆ ಗಂಟೆಗೂ ಮಿಗಿಲಾಗಿ ಗಾಳಿಯಲ್ಲಿದ್ದು ವಿಶ್ವದಾಖಲೆಯನ್ನು ಸ್ಥಾಪಿಸಿದನು. ಆದರೂ ಅವನು ಅಲ್ಲಿಗೆ ನಿಲ್ಲಲಿಲ್ಲ. ಕಳಚಿಟ್ಟ ಏರ್ಪಾಡನ್ನೇ ಮತ್ತೆ ತಿದ್ದಿ, ಅದೇ ವರ್ಷದ ಡಿಸೆಂಬರಿನಲ್ಲಿ ಸೈಕ್ಲಿಕ್ ಹತೋಟಿಯನ್ನು ಪೂರ್ಣವಾಗಿ ಅಳವಡಿಸಿದನು. ಬಾಲದಲ್ಲಿ ಒಂದೇ ಚಿಕ್ಕ ಚಕ್ರ ಉಳಿಯಿತು. ಇಂದಿನ ಬಹುತೇಕ ಹೆಲಿಕಾಪ್ಟರುಗಳ ರೂಪವು ಇದೇ.

1944ರ ಜನವರಿ 3ರಂದು ನ್ಯೂಯಾರ್ಕ್ ಬಳಿ ಯುದ್ಧನೌಕೆಯೊಂದು ಸಿಡಿಯಿತು. ಗಾಯಗೊಂಡ ನಾವಿಕರಿಗೆ ಬೇಕಾದ ರಕ್ತದ್ರವವನ್ನು ಸಿಕೋರ್ಸ್ಕಿಯ ಹೆಲಿಕಾಪ್ಟರು ಹಿಮದ ಬಿರುಗಾಳಿಯ ನಡುವೆ ಸಾಗಿಸಿತು. ಜೀವಗಳನ್ನು ಉಳಿಸುವ ಯಂತ್ರವಾಗಬೇಕೆಂಬ ಅವನ ಆಸೆಯು ಹೀಗೆ ಕೈಗೂಡಿತು. 1972ರ ಅಕ್ಟೋಬರ್ 26ರಂದು ಸಿಕೋರ್ಸ್ಕಿಯು ತೀರಿಕೊಂಡನು.

2023ರಲ್ಲಿ ನಮ್ಮ ನಾಡಿನ ತುಮಕೂರು ಜಿಲ್ಲೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೊಂದು ಆರಂಭವಾಯಿತು. ಹಾವೇರಿಯ ಬಾಲಕನೊಬ್ಬನು ರೇಡಿಯೋ ಹತೋಟಿಯ ಪುಟ್ಟ ಹೆಲಿಕಾಪ್ಟರನ್ನು ಜೋಡಿಸಿದರೂ, ಹಾರಿಸುವ ಮುನ್ನ ಅದರ ಅಲಗುಗಳ ಓರೆಯು ಎಲ್ಲ ದಿಕ್ಕಿಗೂ ಸಮವಾಗಿ ಬದಲಾಗುವುದೇ ಎಂದು ಅಳೆದು ನೋಡಲೇಬೇಕು. ಸಿಕೋರ್ಸ್ಕಿಗೆ ಎರಡು ವರ್ಷಗಳ ದುಡಿಮೆಯಾದ ಕೆಲಸವು ಅವನಿಗೆ ಒಂದು ಸಂಜೆಯ ತಾಳ್ಮೆಯಾಗಿದೆ.